ಎಸ್‌ಟಿಪಿ ಸ್ಲಡ್ಜ್ ಇಟ್ಟಿಗೆ ಮಣ್ಣಿಗೆ ಬೆರೆಸಬಹುದಾ? ಎಷ್ಟು, ಹೇಗೆ?

ಕೆರೆಯಂಗಳ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ವಿಷಯ. 220 ಮನೆ, 100 ಕೆಎಲ್‌ಡಿ (ದಿನಕ್ಕೆ ಒಂದು ಲಕ್ಷ ಲೀಟರ್) ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡೋ ಘಟಕ. ಎಕ್ಸ್‌ಟೆಂಡೆಡ್ ಏರೇಶನ್ (ತುಂಬಾ ಹೊತ್ತು ಗಾಳಿ ಊದೋ ವಿಧಾನ), ಕೊನೆಗೆ ಸ್ಲಡ್ಜ್‌ನ ನೀರು ಹಿಂಡೋಕೊಂದು ಫಿಲ್ಟರ್ ಪ್ರೆಸ್. ತಿಂಗಳಿಗೆ ಒಂದೂಕಾಲು ಟನ್ ಕೇಕ್ (ಹಿಂಡಿದ ಸ್ಲಡ್ಜ್, ಅಂದರೆ ಕೆಸರು) ಬರುತ್ತೆ. ತೋಟ ಚಿಕ್ಕದು, ಅಷ್ಟನ್ನೂ ಗಿಡಕ್ಕೆ ಹಾಕೋಕಾಗಲ್ಲ. ಮಾಲೂರು ಕಡೆಯ ಇಟ್ಟಿಗೆ ಗೂಡಿನವರೊಬ್ಬರು "ತಂದು ಸುರೀರಿ, ಮಣ್ಣಿಗೆ ಬೆರೆಸ್ಕೋತೀವಿ" ಅಂತಾರೆ. ಸಿಮೆಂಟ್ ಬ್ಲಾಕ್ ಮಾಡೋರು ಒಬ್ಬರು ಕ್ರಷರ್ ಪುಡಿ ಬದಲು ಹಾಕಿ ನೋಡ್ತೀವಿ ಅಂತಿದ್ದಾರೆ. ಯಾರಿಗೆ ಕೊಡೋದು? ಪ್ರಮಾಣ ಎಷ್ಟು? ತಿಳಿದವರು ದಯವಿಟ್ಟು ಅಂಕಿಸಂಖ್ಯೆ ಸಮೇತ ಹೇಳಿ.

ಮಣ್ಣುಹದ
ಸಿಮೆಂಟ್ ಬ್ಲಾಕ್‌ಗೆ ಖಂಡಿತ ಬೇಡ. ಇಟ್ಟಿಗೆಗೆ ಆಗುತ್ತೆ, ಆದರೆ "ತಂದು ಸುರೀರಿ" ಅನ್ನೋ ಲೆಕ್ಕದಲ್ಲಲ್ಲ.

ಲ್ಯಾಬ್‌ಟೇಬಲ್
ಬ್ಲಾಕ್‌ಗೆ ಯಾಕೆ ಬೇಡ ಅಂತ ಹೇಳ್ತೀನಿ. ಕೇಕ್‌ನ ಒಣ ಭಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಸಾವಯವ ಪದಾರ್ಥ. ಬ್ಯಾಕ್ಟೀರಿಯಾದ ದೇಹ, ಜಿಡ್ಡು, ಹ್ಯೂಮಿಕ್ ಆಮ್ಲ ಎಲ್ಲ ಅದರಲ್ಲೇ. ಇವು ಸಿಮೆಂಟ್ ಕಣಕ್ಕೆ ಅಂಟಿಕೊಂಡು ನೀರಿನ ಜೊತೆಗಿನ ಕ್ರಿಯೆಯನ್ನೇ ತಡೀತವೆ. ಮೆಷಿನ್ ಒತ್ತಿದ ಕೂಡಲೇ ಬ್ಲಾಕ್ ನಿಲ್ಲುತ್ತೆ, ನೋಡೋಕೆ ಚೆನ್ನಾಗೇ ಇರುತ್ತೆ. ಮಾರನೇ ದಿನ ಎತ್ತೋಕೆ ಹೋದರೆ ಅಂಚು ಪುಡಿಪುಡಿ. ಇನ್ನೊಂದು, ಸಿಮೆಂಟ್ ನೀರಿನ ಪಿಎಚ್ 12ಕ್ಕಿಂತ ಮೇಲೆ. ಸ್ಲಡ್ಜ್‌ನಲ್ಲಿರೋ ಅಮೋನಿಯಂ ಅಲ್ಲಿ ಅಮೋನಿಯಾ ಅನಿಲವಾಗಿ ಹಾರುತ್ತೆ. ಕಲಸುವಾಗಲೇ ಕಣ್ಣುರಿ. ಗೋಡೆ ಕಟ್ಟಿದ ಮೇಲೂ ಒಳಗಿನ ಸಾವಯವ ಕೊಳೆತಾ ಹೋದರೆ ಅಲ್ಲೆಲ್ಲ ಟೊಳ್ಳು. ಸಿಮೆಂಟ್ ಜೊತೆಗೆ ಹೋಗೋದಾದರೆ ಸುಟ್ಟ ಬೂದಿ ಮಾತ್ರ ಹೋಗಬೇಕು, ಕೇಕ್ ಅಲ್ಲ.

ಕೆರೆಯಂಗಳ
ಬೂದಿ ಮಾಡೋಕೆ ಇಲ್ಲಿ ಅನುಕೂಲ ಇಲ್ಲ ಸರ್. ಹಾಗಾದರೆ ಇಟ್ಟಿಗೆನೇ. ಪ್ರಮಾಣ?

ಬ್ಲೋವರ್‌ಮನೆ
ಮೊದಲು ಒಣ ತೂಕದ ಲೆಕ್ಕ ಹಿಡೀರಿ. ಜಗಳ ಆಗೋದೆಲ್ಲ ಇಲ್ಲೇ. 100 ಕೆಎಲ್‌ಡಿ ಅಂದರೆ, ಒಳಬರುವ ಬಿಒಡಿ (ಕೊಳೆಯುವ ಕೊಳೆಯ ಅಳತೆ) ಲೀಟರ್‌ಗೆ 250 ಮಿ.ಗ್ರಾಂ. ಅಂದುಕೊಂಡರೂ ದಿನಕ್ಕೆ 25 ಕೆಜಿ ಬಿಒಡಿ. ಎಕ್ಸ್‌ಟೆಂಡೆಡ್ ಏರೇಶನ್‌ನಲ್ಲಿ ಒಂದು ಕೆಜಿ ಬಿಒಡಿಗೆ 0.3ರಿಂದ 0.5 ಕೆಜಿ ಒಣ ಸ್ಲಡ್ಜ್. ದಿನಕ್ಕೆ ಹತ್ತು ಕೆಜಿ, ತಿಂಗಳಿಗೆ 300 ಕೆಜಿ. ನಿಮ್ಮ ಒಂದೂಕಾಲು ಟನ್ ಕೇಕ್‌ನಲ್ಲಿ ಘನ ಶೇ. 24 ಇದ್ದರೆ ಅದೇ 300 ಕೆಜಿ. ಲೆಕ್ಕ ಕೂಡುತ್ತೆ.

ಈಗ ಇಟ್ಟಿಗೆ. ಒಂದು ಹಸಿ ಇಟ್ಟಿಗೆ ಒಣಗಿದ ಮೇಲೆ 3.3 ಕೆಜಿ ಅನ್ನಿ. ಅದರಲ್ಲಿ ಶೇ. 5 ಅಂದರೆ 165 ಗ್ರಾಂ ಒಣ ಸ್ಲಡ್ಜ್. 300 ಕೆಜಿ ಖಾಲಿಯಾಗೋಕೆ ಬರೀ 1,800 ಇಟ್ಟಿಗೆ ಸಾಕು! ಐವತ್ತು ಸಾವಿರ ಇಟ್ಟಿಗೆಯ ಗೂಡಿಗೆ ಇದೇನೂ ಅಲ್ಲ. ಆದ್ದರಿಂದ ಹೆಚ್ಚು ತುರುಕೋ ಅಗತ್ಯವೇ ಇಲ್ಲ.

ಗೂಡುಬೆಂಕಿ
ಒಣಗಿಸೋ ರಗಳೆ ಯಾಕೆ? ಹೇಗಿದ್ದರೂ ಮಣ್ಣಿಗೆ ನೀರು ಹಾಕಲೇಬೇಕು. ಹಸಿ ಕೇಕನ್ನೇ ಹಾಕಿ ತುಳಿದರೆ ನೀರೂ ಉಳೀತು, ಶೆಡ್ ಖರ್ಚೂ ಉಳೀತು.

ಮಣ್ಣುಹದ
@ಗೂಡುಬೆಂಕಿ ಅಣ್ಣ, ತುಳಿಯೋರು ಯಾರು? ಬರಿಗಾಲಲ್ಲಿ, ಬರಿಗೈಯಲ್ಲಿ ಕೆಲಸ ಮಾಡೋ ಜನ. ಹಸಿ ಕೇಕ್‌ನಲ್ಲಿ ಜಂತುಹುಳದ ಮೊಟ್ಟೆ ಜೀವಂತವಾಗಿರುತ್ತೆ. ಬೆಂಕಿಗೆ ಹೋದ ಮೇಲೆ ಏನೂ ಉಳಿಯಲ್ಲ ನಿಜ, ಆದರೆ ಬೆಂಕಿಗೆ ಹೋಗೋ ಮುಂಚೆ ಹತ್ತು ಹದಿನೈದು ದಿನ ಅದು ಅವರ ಕೈಯಲ್ಲೇ ಇರುತ್ತೆ. ಅವರ ಮಕ್ಕಳೂ ಅಲ್ಲೇ ಆಡ್ಕೊಂಡಿರ್ತಾರೆ. ಇದನ್ನು ಖರ್ಚು ಅಂತ ಲೆಕ್ಕ ಹಾಕಬೇಡಿ.

ಎರಡನೇದು ಗಂಟು. ಫಿಲ್ಟರ್ ಪ್ರೆಸ್‌ಗೆ ಮುಂಚೆ ಕಣಗಳು ಒಟ್ಟುಗೂಡಲಿ ಅಂತ ಪಾಲಿಎಲೆಕ್ಟ್ರೊಲೈಟ್ ಅನ್ನೋ ರಾಸಾಯನಿಕ ಹಾಕಿರ್ತಾರೆ. ಅದರಿಂದ ಕೇಕ್ ರಬ್ಬರಿನ ಥರ. ಕಾಲಲ್ಲಿ ತುಳಿದರೆ ಹರಡಲ್ಲ, ಜಾರಿಕೊಂಡು ಹಾಗೇ ಉಳಿಯುತ್ತೆ. ಅಂಥ ಇಟ್ಟಿಗೆ ಬೆಂದ ಮೇಲೆ ಮುರಿದು ನೋಡಿ. ಕಡಲೆಕಾಳಿನಷ್ಟು ಗಂಟಿದ್ದ ಕಡೆ ಕಡಲೆಕಾಳಿನಷ್ಟೇ ತೂತು, ಒಳಮೈಗೆ ಬೆಳ್ಳಗೆ ಬೂದಿ ಪೊರೆ, ತೂತಿನಿಂದ ಮೂಲೆ ಕಡೆಗೆ ಕೂದಲೆಳೆಯಂಥ ಬಿರುಕು. ಲಾರಿಗೆ ತುಂಬುವಾಗ ಅದೇ ಬಿರುಕಲ್ಲಿ ಮೂಲೆ ಹಾರುತ್ತೆ.

ಗೂಡುಬೆಂಕಿ
ಜನರ ವಿಷಯ ಒಪ್ಪಿದೆ. ಗಂಟಿನ ವಿಷಯ ಪೂರ್ತಿ ಒಪ್ಪಲ್ಲ. ವೈರ್‌ಕಟ್ (ಮೆಷಿನ್‌ನಿಂದ ಬಂದ ಮಣ್ಣನ್ನು ತಂತಿಯಲ್ಲಿ ಕತ್ತರಿಸೋ) ಕಾರ್ಖಾನೆಯಲ್ಲಿ ಮಣ್ಣು ಕಲಸೋ ಪಗ್‌ಮಿಲ್ ಇರುತ್ತೆ, ರೋಲರ್ ಇರುತ್ತೆ. ಎರಡು ಶಾಫ್ಟಿನ ಮಿಕ್ಸರ್ ಹಸಿ ಕೇಕನ್ನು ಚೆನ್ನಾಗಿ ಅರೆಯುತ್ತೆ. ಕೈಯೂ ತಾಗಲ್ಲ.

ಮಣ್ಣುಹದ
ಅದು ಸರಿ. ರೋಲರ್ ಗ್ಯಾಪ್ 3 ಮಿ.ಮೀ. ಒಳಗಿದ್ದರೆ ಹಸಿಯೂ ನಡೆಯುತ್ತೆ. ಕೇಕ್ ಒಂದೇ ಸಮ ಬರಬೇಕು ಅಷ್ಟೇ. ಇವತ್ತು ಶೇ. 18 ಘನ, ನಾಳೆ ಶೇ. 26 ಬಂದರೆ ಮಣ್ಣನ್ನು ಒತ್ತಿ ಹೊರತಳ್ಳೋ ಎಕ್ಸ್‌ಟ್ರೂಡರ್ ಬಾಯಲ್ಲಿ ಮಣ್ಣಿನ ಹದ ಕೆಟ್ಟು ಅಂಚು ಹರಿಯುತ್ತೆ. ಆದರೆ ಕೆರೆಯಂಗಳ ಅವರು ಹೇಳ್ತಿರೋದು ಅಚ್ಚಿನ ಇಟ್ಟಿಗೆ ಗೂಡು ಅನ್ಸುತ್ತೆ.

ಕೆರೆಯಂಗಳ
ಹೌದು, ಕೈ ಅಚ್ಚಿನದೇ. ಹಾಗಾದರೆ ಒಣಗಿಸೋ ಕ್ರಮ ಬಿಡಿಸಿ ಹೇಳಿ.

ಬ್ಲೋವರ್‌ಮನೆ
ಮೇಲೆ ಪಾಲಿಕಾರ್ಬೊನೇಟ್ ಶೀಟ್, ನಾಲ್ಕೂ ಕಡೆ ಗಾಳಿ ಆಡುವ ಶೆಡ್. ನೆಲ ಕಾಂಕ್ರೀಟ್, ಒಂದು ಕಡೆಗೆ ಇಳಿಜಾರು, ಬಸಿದ ನೀರು ವಾಪಸ್ ಎಸ್‌ಟಿಪಿಯ ಮೊದಲ ಹಂತದ ಈಕ್ವಲೈಸೇಶನ್ ಟ್ಯಾಂಕಿಗೆ. ಕೇಕ್ ಒಡೆದು 6 ಸೆಂ.ಮೀ. ದಪ್ಪಕ್ಕೆ ಹರಡಿ. ಅದಕ್ಕಿಂತ ದಪ್ಪ ಆದರೆ ಮೇಲೆ ಗಟ್ಟಿ ಪೊರೆ ಕಟ್ಟಿ ಒಳಗೆ ಹಸಿಯಾಗೇ ಇರುತ್ತೆ, ನಾತಕ್ಕೆ ಅದೇ ಕಾರಣ. ದಿನಕ್ಕೊಮ್ಮೆ ಕುಂಟೆಯಲ್ಲಿ ತಿರುವಿ ಹಾಕಿ. ಬೇಸಿಗೆಯಲ್ಲಿ ಎರಡು ವಾರದಲ್ಲಿ ಶೇ. 15ರ ಒಳಗೆ ತೇವಾಂಶ ಬರುತ್ತೆ. ನಿಮ್ಮ ಒಂದೂಕಾಲು ಟನ್‌ಗೆ 20 ಚದರ ಮೀಟರ್ ಜಾಗ ಇದ್ದರೆ ಮಳೆಗಾಲದ ನಿಧಾನಕ್ಕೂ ಆಗುತ್ತೆ. ಡೀಸೆಲ್, ಕರೆಂಟ್ ಹಾಕಿ ಒಣಗಿಸೋ ಯೋಚನೆ ಬೇಡ. ಒಂದು ಕೆಜಿ ನೀರು ಆವಿಯಾಗೋಕೇ 540 ಕಿಲೋಕ್ಯಾಲೊರಿ ಬೇಕು, ಡ್ರೈಯರ್‌ನ ನಷ್ಟ ಸೇರಿಸಿದರೆ ಇನ್ನೂ ಜಾಸ್ತಿ. ಸ್ಲಡ್ಜ್‌ನಿಂದ ಸಿಗೋ ಶಾಖವೆಲ್ಲ ಅಲ್ಲಿಗೇ ಹೋಯ್ತು.

ಒಣಗಿದ ಮೇಲೆ ಪುಡಿ ಮಾಡಿ 2 ಮಿ.ಮೀ. ಜರಡಿ. ಕೂದಲು, ವೈಪ್ಸ್, ಪ್ಲಾಸ್ಟಿಕ್ ಚೂರು ಜರಡಿ ಮೇಲೆ ಉಳಿಯುತ್ತೆ, ಅದು ಬೇರೆ ಕಸ. ಪುಡಿ ಮಾಡೋರಿಗೆ ಒಳ್ಳೇ ಮಾಸ್ಕ್, ಗ್ಲವ್ಸ್ ಕೊಡಲೇಬೇಕು, ಧೂಳು ಶ್ವಾಸಕೋಶಕ್ಕೆ ಹೋಗಬಾರದು.

ಹಿತ್ತಲಗಿಡ
ನಾತಕ್ಕೆ ಸುಣ್ಣ ಚೆಲ್ಲಿದರೆ ಆಗಲ್ವಾ? ಹಳ್ಳಿ ಕಡೆ ಹಾಗೇ ಮಾಡ್ತಾರಲ್ಲ.

ಮಣ್ಣುಹದ
ಗಿಡಕ್ಕೆ ಹೋಗೋದಾದರೆ ಸರಿ ಅಕ್ಕ. ಇಟ್ಟಿಗೆಗೆ ಹೋಗೋದಕ್ಕೆ ಬೇಡ. ಸುಣ್ಣದ ಹರಳು ಗೂಡಲ್ಲಿ ಸುಟ್ಟ ಸುಣ್ಣ ಆಗುತ್ತೆ. ಆಮೇಲೆ ಮಳೆ ನೀರು ಕುಡಿದು ಅರಳುತ್ತೆ, ಇಟ್ಟಿಗೆ ಮೇಲಿನ ಪದರ ಚಕ್ಕೆ ಎದ್ದು ಬರುತ್ತೆ. ಎದ್ದ ಕಡೆ ನೋಡಿದರೆ ನಡುವೆ ಸಾಸಿವೆ ಗಾತ್ರದ ಬಿಳಿ ಚುಕ್ಕೆ ಕಾಣುತ್ತೆ. ಕೆರೆ ಮಣ್ಣಿನ ಬಸವನಹುಳದ ಚಿಪ್ಪಿನಿಂದಲೂ ಇದೇ ತೊಂದರೆ, ಗೂಡಿನವರಿಗೆಲ್ಲ ಗೊತ್ತು.

ಪೇಪರ್‌ಓದು
ಶೇ. 5 ಯಾಕೆ ಇಷ್ಟು ಕಡಿಮೆ? ಮೆಲ್ಬರ್ನ್‌ನ ಆರ್‌ಎಂಐಟಿ ವಿಶ್ವವಿದ್ಯಾಲಯದವರು 2019ರಲ್ಲಿ ಶೇ. 25ರವರೆಗೆ ಹಾಕಿ ಇಟ್ಟಿಗೆ ಮಾಡಿದ್ದಾರೆ. ಸುಡುವ ಶಕ್ತಿ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯುತ್ತೆ ಅಂತ ಲೆಕ್ಕ ತೋರಿಸಿದ್ದಾರೆ. ಇಲ್ಲಿ ಎಲ್ಲರೂ ಹೆದರ್ಕೋತೀರಿ.

ಲ್ಯಾಬ್‌ಟೇಬಲ್
ಆ ಅಧ್ಯಯನ ಒಳ್ಳೇದೇ. ಆದರೆ ಅವರು ಬಳಸಿದ್ದು ವರ್ಷಗಟ್ಟಲೆ ರಾಶಿ ಹಾಕಿಟ್ಟು ಹಳತಾದ ಬಯೋಸಾಲಿಡ್ಸ್ (ಸಂಸ್ಕರಿಸಿದ ಸ್ಲಡ್ಜ್), ಅರ್ಧ ಮಣ್ಣೇ ಆಗಿರುತ್ತೆ. ಸುಟ್ಟಿದ್ದು ನಿಮಿಷಕ್ಕಿಷ್ಟು ಡಿಗ್ರಿ ಅಂತ ಏರಿಸುವ ಫರ್ನೇಸ್‌ನಲ್ಲಿ. ಇಲ್ಲಿರೋದು ಹೊಸ ಕೇಕ್, ಸೌದೆ ಗೂಡು. ಎರಡೂ ಒಂದೇ ಅಲ್ಲ.

ತೂತಿನ ಲೆಕ್ಕ ನೋಡಿ. 165 ಗ್ರಾಂ ಪುಡಿಯಲ್ಲಿ 100 ಗ್ರಾಂ ಸಾವಯವ ಸುಟ್ಟುಹೋಗುತ್ತೆ ಅನ್ನಿ. ಅದು ಬಿಟ್ಟುಹೋಗುವ ಜಾಗ ಸುಮಾರು 75 ಸಿಸಿ. 230×110×75 ಮಿ.ಮೀ. ಇಟ್ಟಿಗೆಯ ಗಾತ್ರ 1,900 ಸಿಸಿ ಹತ್ತಿರ, ಅಂದರೆ ಶೇ. 4 ಹೊಸ ತೂತು. ಆ ತೂತೆಲ್ಲ ನೀರು ತುಂಬಿಕೊಂಡರೆ 3 ಕೆಜಿ ಇಟ್ಟಿಗೆಗೆ ಎರಡೂವರೆ ಶೇಕಡಾ ನೀರು ಜಾಸ್ತಿ. ಇಟ್ಟಿಗೆಯ ಭಾರತೀಯ ಮಾನಕ ಐಎಸ್ 1077ರಲ್ಲಿ ಸಾಮಾನ್ಯ ಇಟ್ಟಿಗೆಗೆ ನೀರು ಹೀರುವ ಮಿತಿ ತೂಕದ ಶೇ. 20. ಗೂಡಿನ ಮಾಮೂಲಿ ಇಟ್ಟಿಗೆಯೇ ಶೇ. 15 ಹೀರ್ತಾ ಇದ್ದರೆ 5ರ ಪ್ರಮಾಣದಲ್ಲಿ ಹದಿನೇಳೂವರೆ, ತೊಂದರೆ ಇಲ್ಲ. ಮಾಮೂಲಿಯೇ 17 ಇದ್ದರೆ ಶೇ. 8 ಹಾಕಿದ ಕೂಡಲೇ ಮಿತಿ ದಾಟಿತು. ಹೆದರಿಕೆ ಅಲ್ಲ, ಇದು ಲೆಕ್ಕ.

ಪೇಪರ್‌ಓದು
ಸರಿ ಸರ್, ಒಪ್ಪಿದೆ. ಟೋಕಿಯೋದಲ್ಲಂತೂ ನೂರಕ್ಕೆ ನೂರು ಸ್ಲಡ್ಜ್ ಬೂದಿಯಿಂದಲೇ ಇಟ್ಟಿಗೆ ಮಾಡಿದ್ದರು, 1991ರಲ್ಲಿ ಕಾರ್ಖಾನೆ ಶುರು. ಬೂದಿಯನ್ನು ಭಾರೀ ಒತ್ತಡದಲ್ಲಿ ಅದುಮಿ ಸಾವಿರ ಡಿಗ್ರಿ ದಾಟಿ ಸುಡ್ತಿದ್ದರು. ಮಣ್ಣೇ ಬೇಡ.

ಲ್ಯಾಬ್‌ಟೇಬಲ್
ಹೌದು, ಹಾಸುಗಲ್ಲಿನ ಥರ ಬಳಸಿದರು. ನೆಲಕ್ಕೆ ಹಾಸಿದ ಮೇಲೆ ಪಾಚಿ, ಬಿಳಿ ಉಪ್ಪಿನ ಕಲೆ ಕಾಣಿಸಿಕೊಂಡವು. ಅಲ್ಲಿ ಸ್ಲಡ್ಜ್ ಸುಡುವ ಘಟಕ ಮೊದಲೇ ಇತ್ತು, ಬೂದಿಗೆ ದಾರಿ ಬೇಕಿತ್ತು. ಜಪಾನಿನಲ್ಲಿ ಆಮೇಲೆ ಕಸದ ಬೂದಿ, ಸ್ಲಡ್ಜ್ ಸೇರಿಸಿ ಮಾಡುವ ಎಕೋ ಸಿಮೆಂಟ್‌ಗೆ 2002ರಲ್ಲಿ ಪ್ರತ್ಯೇಕ ಮಾನಕವೇ ಬಂತು.

ಗೂಡುಬೆಂಕಿ
ಸುಡೋ ವಿಷಯಕ್ಕೆ ಬರೋಣ, ಯಾರೂ ಹೇಳ್ತಿಲ್ಲ. 165 ಗ್ರಾಂ ಪುಡಿ ಅಂದರೆ ಒಂದು ಇಟ್ಟಿಗೆ ಹೊಟ್ಟೆಯಲ್ಲಿ 400 ಕಿಲೋಕ್ಯಾಲೊರಿ ಬೆಂಕಿ ಇಟ್ಟ ಹಾಗೆ. ಭತ್ತದ ಹೊಟ್ಟು ಬೆರೆಸೋದೂ ಇದೇ ಲೆಕ್ಕ. ಇದನ್ನು ಮರೆತು ಮಾಮೂಲಿ ಸೌದೆ ತುಂಬಿದರೆ ನಡು ಗೂಡಲ್ಲಿ ಇಟ್ಟಿಗೆ ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತೆ. ಪೂರ್ತಿ ಗೂಡು ಸ್ಲಡ್ಜ್ ಇಟ್ಟಿಗೆ ಆದರೆ ಮೊದಲ ಸಲ ಸೌದೆ ಹತ್ತನೇ ಒಂದು ಭಾಗ ಇಳಿಸಿ ನೋಡಬೇಕು, ಒಮ್ಮೆಲೇ ಅರ್ಧ ಇಳಿಸಬಾರದು.

ಕರಿ ಹೊಟ್ಟೆ ಅನ್ನೋ ತೊಂದರೆಯೂ ಇದೆ. ಇಟ್ಟಿಗೆ ಮುರಿದಾಗ ಸುತ್ತ ಕೆಂಪು, ನಡುವೆ ಇದ್ದಿಲಿನ ಬಣ್ಣ. 300ರಿಂದ 650 ಡಿಗ್ರಿವರೆಗೆ ಬೆಂಕಿ ಓಡಿಸಿದರೆ ಒಳಗಿನ ಇಂಗಾಲಕ್ಕೆ ಗಾಳಿ ಸಿಗೋ ಮುಂಚೆ ಹೊರಮೈ ಮುಚ್ಕೊಳ್ಳುತ್ತೆ. ಆಮೇಲೆ ಎಷ್ಟು ಸುಟ್ಟರೂ ಅಷ್ಟೇ, ಇನ್ನೂ ಕಾವು ಏರಿದರೆ ಉಬ್ಬುತ್ತೆ. ಆ ಹಂತದಲ್ಲಿ ಬೆಂಕಿ ನಿಧಾನ ಇರಲಿ, ಗಾಳಿಗಂಡಿ ಮುಚ್ಚಬೇಡಿ.

ಹೊಗೆಕೊಳವೆ
ಇದಕ್ಕೆ ಒಂದು ಸೇರಿಸ್ತೀನಿ. ಗೂಡಲ್ಲಿ ಬೆಂಕಿ ಕೆಳಗಿನಿಂದ ಮೇಲೆ ಹೋಗುತ್ತೆ. ಮೇಲಿನ ಸಾಲು 250–400 ಡಿಗ್ರಿ ಮುಟ್ಟಿದಾಗ ಸ್ಲಡ್ಜ್‌ನ ಅನಿಲ ಹೊರಬರುತ್ತೆ, ಆದರೆ ಅದನ್ನು ಸುಡೋ ಬೆಂಕಿ ಆಗ ಕೆಳಗಿರುತ್ತೆ. ಸುಡದೇ ನೇರ ಆಕಾಶಕ್ಕೆ. ಊರಿನವರು ನಾತ ಅಂತ ಬಂದು ನಿಲ್ಲೋದು ಅದಕ್ಕೇ, ಅವರ ದೂರು ನ್ಯಾಯವಾದದ್ದೇ. ಸ್ಲಡ್ಜ್ ಇಟ್ಟಿಗೆಯನ್ನು ಕೆಳಗಿನ, ನಡುವಿನ ಸಾಲಿನಲ್ಲಿ ಜೋಡಿಸಿ, ಮೇಲಿನ ಆರೇಳು ಸಾಲು ಬರೀ ಮಣ್ಣಿನ ಇಟ್ಟಿಗೆ ಇರಲಿ. ನಾತ ಕಡಿಮೆಯಾಗುತ್ತೆ, ಪೂರ್ತಿ ಹೋಗಲ್ಲ. ಊರು ಪಕ್ಕದಲ್ಲೇ ಇದ್ದರೆ ಆ ಗೂಡಿಗೆ ಕೊಡಬೇಡಿ.

ಡೈಯಿಂಗ್‌ಯೂನಿಟ್
ಬಟ್ಟೆ ಡೈಯಿಂಗ್ ಇಟಿಪಿ (ಕಾರ್ಖಾನೆಯ ಕೊಳೆ ನೀರು ಶುದ್ಧ ಮಾಡೋ ಘಟಕ) ಸ್ಲಡ್ಜ್‌ಗೂ ಇದೇ ಕ್ರಮ ನಡೆಯುತ್ತಾ? ನಮ್ಮಲ್ಲಿ ಸುಣ್ಣ, ಫೆರಸ್ ಸಲ್ಫೇಟ್ ಹಾಕಿ ಬರೋ ಕೆಂಪು ಸ್ಲಡ್ಜ್, ಮಣ್ಣಿನ ಥರಾನೇ ಇರುತ್ತೆ.

ನಿಯಮಾವಳಿ
ಇಲ್ಲ. ದಯವಿಟ್ಟು ಗೂಡಿಗೆ ಕಳಿಸಬೇಡಿ. ಕೈಗಾರಿಕೆಯ ರಾಸಾಯನಿಕ ಸ್ಲಡ್ಜ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿಯಲ್ಲಿ 35.3ನೇ ನಮೂದಿನಲ್ಲೇ ಇದೆ. ಇನ್ನೊಬ್ಬರು ಅದನ್ನು ಬಳಸಬೇಕಾದರೆ 9ನೇ ನಿಯಮದಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರ ಬೇಕು, ಅದೂ ಕೇಂದ್ರ ಮಂಡಳಿಯ ಕಾರ್ಯವಿಧಾನದ ಪ್ರಕಾರ. ಮೇಲಾಗಿ 2022ರ ಫೆಬ್ರವರಿಯ ಇಟ್ಟಿಗೆ ಗೂಡು ಅಧಿಸೂಚನೆಯಲ್ಲಿ ಪೆಟ್‌ಕೋಕ್, ಟೈರ್, ಪ್ಲಾಸ್ಟಿಕ್ ಜೊತೆಗೆ ಅಪಾಯಕಾರಿ ತ್ಯಾಜ್ಯವನ್ನೂ ಗೂಡಲ್ಲಿ ಬಳಸಬಾರದು ಅಂತ ಸ್ಪಷ್ಟವಾಗಿದೆ.

ಲ್ಯಾಬ್‌ಟೇಬಲ್
ನಿಯಮ ಬಿಟ್ಟು ರಸಾಯನದ ಮಾತು ಹೇಳಿದರೂ ಅದೇ. ಫೆರಸ್ ಸಲ್ಫೇಟ್‌ನ ಸಲ್ಫೇಟ್ ಇಟ್ಟಿಗೆಯಲ್ಲಿ ಉಪ್ಪು ಹೂವಾಗಿ (ಮೈಮೇಲೆ ಬಿಳಿ ಉಪ್ಪಿನ ಕಲೆಯಾಗಿ) ಗೋಡೆಗೆ ಬರುತ್ತೆ. ಕ್ರೋಮಿಯಂ ಇದ್ದರಂತೂ ದೊಡ್ಡ ಅಪಾಯ. ಸ್ಲಡ್ಜ್‌ನಲ್ಲಿ ಅದು ಮೂರರ ವೇಲೆನ್ಸಿಯಲ್ಲಿ, ಕರಗದೇ ತೆಪ್ಪಗಿರುತ್ತೆ. ಸುಣ್ಣ, ಗಾಳಿ, 700–900 ಡಿಗ್ರಿ ಮೂರೂ ಸೇರಿದರೆ ಆರರ ವೇಲೆನ್ಸಿಗೆ ಹೋಗಿ ಕ್ಯಾಲ್ಸಿಯಂ ಕ್ರೋಮೇಟ್ ಆಗುತ್ತೆ. ಅದು ನೀರಲ್ಲಿ ಕರಗುತ್ತೆ, ಕ್ಯಾನ್ಸರ್‌ಕಾರಕ. ಸುಟ್ಟರೆ ಎಲ್ಲ ಸುರಕ್ಷಿತ ಅನ್ನೋ ನಂಬಿಕೆ ಚರ್ಮ ಹದ ಮಾಡೋ ಘಟಕದ ಸ್ಲಡ್ಜ್ ವಿಷಯದಲ್ಲಿ ತಲೆಕೆಳಗು.

ಡೈಯಿಂಗ್‌ಯೂನಿಟ್
ಹಾಗಾದರೆ ಸಿಮೆಂಟ್ ಕಾರ್ಖಾನೆಗೆ?

ನಿಯಮಾವಳಿ
ಹೌದು, ಅದೇ ದಾರಿ, ಅನುಮತಿ ಇರುವ ಪ್ರೀ-ಪ್ರೊಸೆಸಿಂಗ್ (ತ್ಯಾಜ್ಯವನ್ನು ಕಿಲ್ನ್‌ಗೆ ಹದ ಮಾಡೋ) ಘಟಕದ ಮೂಲಕ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆ ಸಿಮೆಂಟ್ ಕಿಲ್ನ್‌ಗಳಿವೆ. ಕ್ಲಿಂಕರ್ (ಪುಡಿ ಮಾಡಿದರೆ ಸಿಮೆಂಟ್ ಆಗೋ ಗಟ್ಟಿ ಉಂಡೆ) 1,450 ಡಿಗ್ರಿಯಲ್ಲಿ ಆಗುತ್ತೆ, ಬೂದಿಯೂ ಕ್ಲಿಂಕರ್‌ನಲ್ಲೇ ಸೇರಿಹೋಗುತ್ತೆ. ಅವರು ಮೊದಲು ಕೇಳೋದು ತೇವಾಂಶ ಮತ್ತು ಕ್ಲೋರೈಡ್. ಕ್ಲೋರೈಡ್ ಜಾಸ್ತಿ ಇದ್ದರೆ ಪ್ರೀಹೀಟರ್‌ನಲ್ಲಿ ಗಟ್ಟಿ ಪದರ ಕಟ್ಟಿ ದಾರಿ ಮುಚ್ಚುತ್ತೆ. ರಂಜಕ ಹೆಚ್ಚಿದ್ದರೆ ಸಿಮೆಂಟಿನ ಆರಂಭದ ಬಲ ಕುಗ್ಗುತ್ತೆ. ಸಾಗಣೆಗೆ ನಮೂನೆ 10ರ ಮ್ಯಾನಿಫೆಸ್ಟ್ (ಸಾಗಣೆ ಪತ್ರ) ಕಡ್ಡಾಯ.

ಹಿತ್ತಲಗಿಡ
ರಂಜಕ ಅಂದಿರಿ, ಅದಕ್ಕೇ ಕೇಳ್ತೀನಿ. ಮನೆಗಳ ಸ್ಲಡ್ಜ್‌ನಲ್ಲಿ ಇರೋ ರಂಜಕ, ಸಾರಜನಕ ಎಲ್ಲ ಗೋಡೆಯೊಳಗೆ ಹೂತುಹಾಕೋದು ಸರೀನಾ? ರೈತರು ದುಡ್ಡು ಕೊಟ್ಟು ಡಿಎಪಿ ತರ್ತಾರೆ. ಚೆನ್ನಾಗಿ ಕಾಂಪೋಸ್ಟ್ ಮಾಡಿ ಮರಗಳಿಗೆ ಹಾಕೋದೇ ಮೊದಲ ಆಯ್ಕೆ ಆಗಬೇಕು, ಇಟ್ಟಿಗೆ ಎರಡನೇದು.

ಬ್ಲೋವರ್‌ಮನೆ
ಮೇಡಂ ಮಾತು ನೂರಕ್ಕೆ ನೂರು ಸರಿ. ಎಲೆ ಕಸ ತೂಕಕ್ಕೆ ತೂಕ ಬೆರೆಸಿ, ರಾಶಿ 55 ಡಿಗ್ರಿ ಮೇಲೆ ಎರಡು ವಾರ ನಿಂತು, ಈ ನಡುವೆ ಐದು ಸಲ ತಿರುವಿ ಹಾಕಿದರೆ ರೋಗಾಣು ಹತೋಟಿಗೆ ಬರುತ್ತೆ. ಗೊಬ್ಬರ ಕೇಳೋರಿಲ್ಲದಾಗ, ಮಳೆಗಾಲದಲ್ಲಿ ಉಳಿದದ್ದು ಇಟ್ಟಿಗೆಗೆ ಹೋಗಲಿ.

ಗೂಡುಬೆಂಕಿ
ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರು ಶುದ್ಧ ಮಾಡ್ತಾರಲ್ಲ, ಅಂಥ ಕಡೆ ಸಿಗೋ ಸ್ಲಡ್ಜ್ ಇಟ್ಟಿಗೆಗೆ ಇನ್ನೂ ಚೆಂದ ಅಲ್ವಾ?

ಮಣ್ಣುಹದ
ಕುಡಿಯುವ ನೀರಿನ ಘಟಕದ ಸ್ಲಡ್ಜ್ ಬೇರೆ ಜಾತಿ. ಹೊಳೆಯ ಗೋಡು ಮಣ್ಣು, ಜೊತೆಗೆ ನೀರು ತಿಳಿಯಾಗಲು ಹಾಕೋ ಆಲಂನಿಂದ (ಪಟಿಕ) ಬಂದ ಅಲ್ಯುಮಿನಿಯಂ ಹೈಡ್ರಾಕ್ಸೈಡ್. ಸಾವಯವ ಕಡಿಮೆ, ಅದಕ್ಕೇ ನಾತವೂ ಇಲ್ಲ, ಸೌದೆಯೂ ಉಳಿಯಲ್ಲ. ಅದರ ತೊಂದರೆ ಒಣಗುವಾಗಿನ ಕುಗ್ಗುವಿಕೆ. ಹೈಡ್ರಾಕ್ಸೈಡ್ ನೀರನ್ನು ಗಟ್ಟಿಯಾಗಿ ಹಿಡ್ಕೊಂಡಿರುತ್ತೆ, ಬಿಡುವಾಗ ಇಟ್ಟಿಗೆ ಸೀಳುತ್ತೆ. ಮರಳು ಸೇರಿಸಿ, ನೆರಳಲ್ಲಿ ಒಣಗಿಸಬೇಕು.

ಲ್ಯಾಬ್‌ಟೇಬಲ್
@ಕೆರೆಯಂಗಳ ನಿಮ್ಮಲ್ಲಿ ವಾಟರ್ ಸಾಫ್ಟ್‌ನರ್ (ಗಡಸು ನೀರನ್ನು ಮೆದು ಮಾಡೋ ಯಂತ್ರ) ಇದೆಯಾ? ಅದನ್ನು ಉಪ್ಪು ಹಾಕಿ ತೊಳೆದು ರೀಜನರೇಟ್ ಮಾಡಿದ ನೀರು ಎಸ್‌ಟಿಪಿಗೆ ಹೋಗ್ತಿದ್ದರೆ ಕೇಕ್‌ನಲ್ಲೂ ಉಪ್ಪು. ಇಟ್ಟಿಗೆ ಬೆಳ್ಳಗಾಗೋಕೆ ಇದೊಂದು ಕಾರಣ, ಯಾರೂ ನೋಡಲ್ಲ.

ಕೆರೆಯಂಗಳ
ಇದೆ ಸರ್, ಅದೇ ಲೈನಿಗೆ ಹೋಗ್ತಿದೆ. ಬೇರೆ ಮಾಡಿಸ್ತೀವಿ. ಮೊದಲು ಸಣ್ಣ ಟ್ರಯಲ್ ಮಾಡೋಣ ಅಂತಿದ್ದೀನಿ. ಹೇಗೆ ಮಾಡಲಿ?

ಲ್ಯಾಬ್‌ಟೇಬಲ್
ಶೇ. 0, 3, 5, 8, ಒಂದೊಂದಕ್ಕೆ 20 ಇಟ್ಟಿಗೆ. 20 ಇಟ್ಟಿಗೆಗೆ ಒಣ ಲೆಕ್ಕದಲ್ಲಿ 66 ಕೆಜಿ ಮಿಶ್ರಣ. ನಿಮ್ಮ ಪುಡಿಯಲ್ಲಿ ಶೇ. 15 ತೇವ ಇದ್ದರೆ ಶೇ. 3ಕ್ಕೆ 2.3 ಕೆಜಿ, 5ಕ್ಕೆ 3.9 ಕೆಜಿ, 8ಕ್ಕೆ 6.2 ಕೆಜಿ ಪುಡಿ. ತಕ್ಕಡಿಯಲ್ಲೇ ತೂಗಿ. ಬುಟ್ಟಿ ಲೆಕ್ಕ ಬೇಡ, ಒಂದು ಬುಟ್ಟಿ ಪುಡಿಗೂ ಒಂದು ಬುಟ್ಟಿ ಮಣ್ಣಿಗೂ ತೂಕ ಅರ್ಧಕ್ಕರ್ಧ ವ್ಯತ್ಯಾಸ. ಮಣ್ಣು, ಪುಡಿ ಒಣದಾಗಿರುವಾಗಲೇ ಬೆರೆಸಿ, ಆಮೇಲೆ ನೀರು, ಒಂದು ರಾತ್ರಿ ನೆನೆಯಲಿ.

ಬೆಂದ ಮೇಲೆ ಐಎಸ್ 3495ರ ಮೂರು ಪರೀಕ್ಷೆ. ನೀರು ಹೀರುವಿಕೆಗೆ ಒಣ ತೂಕ ಹಿಡಿದು, 24 ಗಂಟೆ ನೀರಲ್ಲಿಟ್ಟು, ಒರೆಸಿ ಮತ್ತೆ ತೂಗಿ. ಉಪ್ಪು ಹೂವಿಗೆ ತಟ್ಟೆಯಲ್ಲಿ 25 ಮಿ.ಮೀ. ನೀರು, ಇಟ್ಟಿಗೆ ನೆಟ್ಟಗೆ ನಿಲ್ಲಿಸಿ, ನೀರು ಆರಿದ ಮೇಲೆ ಇನ್ನೊಂದು ಸಲ ಅಷ್ಟೇ ನೀರು. ಬಿಳಿ ಕಲೆ ಮೈಯ ಶೇ. 10 ಮೀರದಿದ್ದರೆ ಅಲ್ಪ, 50ರವರೆಗೆ ಮಧ್ಯಮ. ಬಲಕ್ಕೆ ಯಾವುದಾದರೂ ಸಿವಿಲ್ ಲ್ಯಾಬ್, ಕಡೇಪಕ್ಷ ಚದರ ಮಿ.ಮೀ.ಗೆ 3.5 ನ್ಯೂಟನ್ ಬರಬೇಕು. ಟ್ರಯಲ್‌ಗೂ ಮುಂಚೆ ಕೇಕ್‌ನ ಲೋಹಗಳ ಪರೀಕ್ಷೆ ಒಂದು ಸಲ ಮಾಡಿಸಿ. ಕಾಂಪ್ಲೆಕ್ಸ್‌ನಲ್ಲಿ ಅಂಗಡಿ, ಕ್ಲಿನಿಕ್ ಇದ್ದರೆ ಇದನ್ನು ಬಿಡಲೇಬೇಡಿ.

ನಿಯಮಾವಳಿ
ಗೂಡಿನವರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್ (ಒಪ್ಪಿಗೆ ಪತ್ರ) ಇದೆಯಾ ನೋಡಿ. ನಿಮ್ಮ ಎಸ್‌ಟಿಪಿ ಕನ್ಸೆಂಟ್ ಪತ್ರದಲ್ಲಿ ಸ್ಲಡ್ಜ್ ವಿಲೇವಾರಿ ಬಗ್ಗೆ ಏನು ಬರೆದಿದೆಯೋ ಅದಕ್ಕೆ ಈ ಬದಲಾವಣೆ ಸೇರಿಸಲು ಅರ್ಜಿ ಕೊಡಿ. ಎಷ್ಟು ಕಳಿಸಿದಿರಿ, ಯಾವತ್ತು, ಯಾರಿಗೆ ಅಂತ ಒಂದು ರಿಜಿಸ್ಟರ್ ಇಡಿ.

ಕೆರೆಯಂಗಳ
ಆಯ್ತು. ಶೆಡ್‌ಗೆ ಪಾರ್ಕಿಂಗ್ ಹಿಂದೆ ಜಾಗ ಇದೆ. ಗೂಡಿನವರು 80 ಇಟ್ಟಿಗೆ ಮಾಡಿಕೊಡೋಕೆ ಒಪ್ಪಿದ್ದಾರೆ. ಬೆಂದ ಮೇಲೆ ಯಾವುದು ಯಾವ ಪ್ರಮಾಣ ಅಂತ ಗೊತ್ತಾಗೋಕೆ ಮಾರ್ಕರ್‌ನಲ್ಲಿ ಬರೆಯೋದಾ?

ಮಣ್ಣುಹದ
ಮಾರ್ಕರ್ ಸುಟ್ಟುಹೋಗುತ್ತೆ. ಹಸಿ ಇರುವಾಗಲೇ ಬೆರಳಲ್ಲಿ ಗುಳಿ ಒತ್ತಿ. 3ಕ್ಕೆ ಒಂದು ಗುಳಿ, 5ಕ್ಕೆ ಎರಡು, 8ಕ್ಕೆ ಮೂರು, ಬರೀ ಮಣ್ಣಿನದಕ್ಕೆ ಏನೂ ಬೇಡ. ಎಂಬತ್ತನ್ನೂ ಗೂಡಿನ ನಡು ಸಾಲಲ್ಲಿ ಒಂದೇ ಕಡೆ ಇಡಿಸಿ, ಇಲ್ಲದಿದ್ದರೆ ವ್ಯತ್ಯಾಸ ಸ್ಲಡ್ಜ್‌ನದ್ದಾ ಬೆಂಕಿಯದ್ದಾ ಗೊತ್ತಾಗಲ್ಲ.